ಬೇಲಿಯ ಬುಡದ ಒಂದಡಿ

ನಾಯಿಗೆಂದು ಬೇಲಿ ಹಾಕುವವರು ಮೊದಲು ಯೋಚಿಸುವುದು ಎತ್ತರದ ಬಗ್ಗೆ. ಐದಡಿ ಸಾಕೋ, ಆರಡಿ ಬೇಕೋ ಅಂತ. ನಾಯಿ ಮಾತ್ರ ಮೇಲೆ ನೋಡುವುದು ಕಮ್ಮಿ. ಬೇಲಿಯುದ್ದಕ್ಕೂ ಮೂಗು ನೆಲಕ್ಕೆ ಹಚ್ಚಿಕೊಂಡು ನಡೆದು, ಎಲ್ಲಿ ಮಣ್ಣು ಸಡಿಲ ಅನ್ನಿಸುತ್ತದೋ ಅಲ್ಲಿ ನಿಂತು ಮುಂಗಾಲಲ್ಲಿ ನಾಲ್ಕು ಸಲ ಕೆರೆಯುತ್ತದೆ. ಮೂತಿ ತೂರಿಸಿ ನೋಡುತ್ತದೆ. ಮತ್ತೆ ಕೆರೆಯುತ್ತದೆ. ತಲೆ ಹಿಡಿಸುವಷ್ಟು ಜಾಗ ಆಯಿತೋ, ಮುಗಿಯಿತು, ಉಳಿದ ಮೈ ಹಿಂದೆಯೇ ಬರುತ್ತದೆ. ಹಿತ್ತಲಿನ ಬೇಲಿ ಬುಡಕ್ಕೆ ಕಲ್ಲು ಜೋಡಿಸಿದವರಿಗೆ, ಒಡೆದ ಹೆಂಚು ಹೂತವರಿಗೆ, ಮುಳ್ಳಿನ ಟೊಂಗೆ ತುರುಕಿ ಕೈ ಪರಚಿಕೊಂಡವರಿಗೆ ಇದನ್ನೆಲ್ಲ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ತಾಪತ್ರಯವನ್ನು ಒಂದು ಇಡೀ ದೇಶ ಹೊತ್ತುಕೊಂಡು, ನೂರು ವರ್ಷಕ್ಕೂ ಮೇಲ್ಪಟ್ಟು ಗುದ್ದಾಡಿದರೆ ಹೇಗಿರುತ್ತದೆ? ಆಸ್ಟ್ರೇಲಿಯಾದವರು ಅದನ್ನೇ ಮಾಡಿದ್ದಾರೆ, ಈಗಲೂ ಮಾಡುತ್ತಿದ್ದಾರೆ. ಅವರ ಡಿಂಗೋ ಬೇಲಿಯ ಬಗ್ಗೆ ಕೆಲವು ತಿಂಗಳಿಂದ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಕ್ವೀನ್ಸ್‌ಲ್ಯಾಂಡಿನ ಡಾರ್ಲಿಂಗ್ ಡೌನ್ಸ್ ಸೀಮೆಯ ಜಿಂಬೋರ್ ಅನ್ನುವ ಊರಿನ ಬಳಿ ಶುರುವಾಗಿ, ದಕ್ಷಿಣ ಆಸ್ಟ್ರೇಲಿಯಾದ ನಂಡ್ರೂ ಹತ್ತಿರ ಸಮುದ್ರದ ಕಡಿದಾದ ಬಂಡೆಯಂಚಿಗೆ ಹೋಗಿ ಮುಗಿಯುವ ಈ ಬೇಲಿಯ ಉದ್ದ 5,614 ಕಿ.ಮೀ. ಬೆಂಗಳೂರಿಂದ ದೆಹಲಿಗೆ ರಸ್ತೆಯಲ್ಲಿ ಹೋಗಿ ವಾಪಸ್ ಬಂದರೂ ಇನ್ನೂ ಸಾವಿರ ಕಿ.ಮೀ.ಗೂ ಮಿಕ್ಕಿ ಬೇಲಿ ಬಾಕಿ ಇರುತ್ತದೆ. ಇಷ್ಟೆಲ್ಲ ಯಾತಕ್ಕೆ? ಒಂದು ಕಾಡುನಾಯಿ ಕುರಿ ಇರುವ ಕಡೆಗೆ ಬರಬಾರದು ಅಂತ!

ಮೊದಲು ಆ ನಾಯಿಯ ವಿಚಾರ. ಡಿಂಗೋ ಎಂಬ ಹೆಸರು ಸಿಡ್ನಿ ಸುತ್ತಲಿನ ಮೂಲನಿವಾಸಿಗಳ ಧಾರುಗ್ ಭಾಷೆಯದ್ದು. ಕಂದು ಕೆಂಪು ಮೈ, ನೆಟ್ಟಗೆ ನಿಂತ ಕಿವಿ, ಪೊದೆಯಂಥ ಬಾಲ. ನಮ್ಮ ಬೀದಿ ಪಕ್ಕದ ನಾಯಿಯನ್ನೇ ಸ್ವಲ್ಪ ಕಾಡಿನಲ್ಲಿ ಬೆಳೆಸಿದ ಹಾಗೆ ಕಾಣುತ್ತದೆ. ಬೊಗಳುವುದು ಬಹಳ ಕಡಿಮೆ, ಊಳಿಡುವುದು ಜಾಸ್ತಿ. ಮನುಷ್ಯರ ಜೊತೆ ದೋಣಿಯಲ್ಲಿ ಬಂದಿಳಿದ ನಾಯಿಗಳ ಸಂತತಿ ಇದು. ಈವರೆಗೆ ಖಚಿತವಾಗಿ ಕಾಲ ಗುರುತಿಸಿದ ಅತಿ ಹಳೆಯ ಡಿಂಗೋ ಮೂಳೆಗಳು ಮೂರು ಸಾವಿರ ವರ್ಷಕ್ಕಿಂತ ಹಿಂದಿನವು. ಸಮುದ್ರ ಏರಿ ಟಾಸ್ಮೇನಿಯಾ ದ್ವೀಪವಾದ ಎಷ್ಟೋ ಕಾಲದ ನಂತರ ಇವು ಬಂದಿದ್ದು, ಹಾಗಾಗಿ ಟಾಸ್ಮೇನಿಯಾದಲ್ಲಿ ಡಿಂಗೋ ಇಲ್ಲ. ಅಂದರೆ ಬೇಲಿ ಕಟ್ಟಿದವರಿಗಿಂತ ಈ ನಾಯಿ ಅಲ್ಲಿ ಕನಿಷ್ಠ ಮೂರು ಸಾವಿರ ವರ್ಷ ಹಳಬ.

ಕುರಿ ಬಂದಿದ್ದು 1788ರಲ್ಲಿ, ಬ್ರಿಟಿಷರ ಮೊದಲ ಹಡಗುಗಳ ಜೊತೆ. ಆಮೇಲೆ ಮೆರಿನೋ ಬಂತು, ಉಣ್ಣೆಯಲ್ಲಿ ದುಡ್ಡಿದೆ ಅಂತ ಗೊತ್ತಾಯಿತು, ಕುರಿಮಂದೆಗಳು ಕರಾವಳಿ ಬಿಟ್ಟು ಒಳನಾಡಿನತ್ತ ಹರಿದವು. ಡಿಂಗೋಗೆ ಕುರಿ ಅಂದರೆ ಓಡಲೂ ಬಾರದ, ತಿರುಗಿ ಬೀಳಲೂ ಬಾರದ ಕಾಂಗರೂ ಇದ್ದ ಹಾಗೆ. ಒಂದನ್ನು ಕೊಂದು ತಿಂದು ಹೋದರೆ ರೈತ ಹೇಗೋ ಸಹಿಸಿಯಾನು. ಆದರೆ ಬೆದರಿ ಒಂದೇ ಮೂಲೆಗೆ ನುಗ್ಗುವ ಮಂದೆ ಕಂಡರೆ ಹಸಿವಿಲ್ಲದಿದ್ದರೂ ಒಂದರ ಮೇಲೊಂದು ಕಚ್ಚಿ ಹಾಕುತ್ತದೆ. ಬೆಳಗ್ಗೆ ಎದ್ದರೆ ಹತ್ತಾರು ಕುರಿ ಸತ್ತು ಬಿದ್ದಿರುತ್ತವೆ, ತಿಂದಿರುವುದು ಒಂದರ ತೊಡೆ. ಕುರಿ ಸಾಕಿದವನ ಸಿಟ್ಟು ನನಗೆ ಅರ್ಥವಾಗುತ್ತದೆ.

ಹಾಗಂತ ಮೊದಲ ಐವತ್ತು ಅರವತ್ತು ವರ್ಷ ಅಲ್ಲಿ ಬೇಲಿ ಇರಲಿಲ್ಲ. ಕುರಿಗಾಹಿಗಳಿದ್ದರು. ಬ್ರಿಟನ್ನಿನಿಂದ ಶಿಕ್ಷೆಯಾಗಿ ಬಂದ ಕೈದಿಗಳೇ ಬಹುಪಾಲು ಈ ಕೆಲಸಕ್ಕೆ. ಹಗಲು ಮೇಯಿಸುವುದು, ರಾತ್ರಿ ಹಟ್ಟಿಯೊಳಗೆ ಕೂಡಿ ಪಕ್ಕದಲ್ಲೇ ಮಲಗುವುದು. ನಮ್ಮ ಬಯಲುಸೀಮೆಯ ಕುರಿ ಸಾಕುವವರು ಇವತ್ತಿಗೂ ಹೊಲದಲ್ಲಿ ಮಂದೆ ನಿಲ್ಲಿಸಿದಾಗ ತೋಳಕ್ಕೆ ಅಂಜಿ ಮಾಡುವುದು ಸರಿಸುಮಾರು ಇದನ್ನೇ. 1851ರಲ್ಲಿ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾಗಳಲ್ಲಿ ಚಿನ್ನ ಸಿಕ್ಕಿತು ನೋಡಿ, ಕುರಿಗಾಹಿಗಳು ಕೋಲು ಬಿಸಾಕಿ ಚಿನ್ನ ಅಗೆಯಲು ಓಡಿದರು. ಉಳಿದವರ ಕೂಲಿ ಏರಿತು. ಆಗ ಜಮೀನುದಾರರಿಗೆ ಹೊಳೆದದ್ದು ತಂತಿ ಬೇಲಿ. ಒಂದು ಸಲ ಹಾಕಿದರೆ ಸಂಬಳ ಕೇಳುವುದಿಲ್ಲ, ಚಿನ್ನ ಹುಡುಕಲು ಹೋಗುವುದಿಲ್ಲ. ಕುರಿಯನ್ನು ಬೇಲಿಯೊಳಗೆ ಬಿಟ್ಟು, ಹೊರಗೆ ನಾಯಿಗೆ ಸ್ಟ್ರಿಕ್ನಿನ್ ವಿಷ ಇಡುವುದು ಅಂತ ಲೆಕ್ಕ ಹಾಕಿದರು. ನನ್ನ ಪ್ರಕಾರ ಈ ಇಡೀ ಕಥೆಯ ತಿರುವು ಇದೇ. ಮನುಷ್ಯ ಕಾಯುತ್ತಿದ್ದ ಜಾಗದಲ್ಲಿ ತಂತಿಯನ್ನು ನಿಲ್ಲಿಸಿದ್ದು. ಆ ತಂತಿಯನ್ನು ಕಾಯಲು ಮತ್ತೆ ಮನುಷ್ಯನೇ ಬೇಕಾಗುತ್ತಾನೆ ಅನ್ನುವುದು ಆಮೇಲೆ ತಿಳಿದ ಸಂಗತಿ.

ಬರೀ ಅಡ್ಡ ತಂತಿ ಎಳೆದರೆ ಕುರಿ ನಿಲ್ಲುತ್ತದೆ, ನಾಯಿ ನಿಲ್ಲುವುದಿಲ್ಲ. ನಾಯಿಗೆ ಜಾಲರಿ ಬೇಕು, ನಾವು ಕೋಳಿಗೂಡಿಗೆ ಹೊಡೆಯುತ್ತೇವಲ್ಲ, ಆ ಆರು ಮೂಲೆಯ ಕಣ್ಣಿನ ತಂತಿ ಬಲೆ. ಅದರ ಹುಟ್ಟಿನದ್ದೂ ಒಂದು ಸ್ವಾರಸ್ಯ. ಇಂಗ್ಲೆಂಡಿನ ನಾರ್ವಿಚ್ ಶತಮಾನಗಳಿಂದ ಉಣ್ಣೆ ಬಟ್ಟೆ ನೇಯ್ಗೆಗೆ ಹೆಸರಾದ ಊರು. ಅಲ್ಲಿ ಕಬ್ಬಿಣದ ಸಾಮಾನಿನ ವ್ಯಾಪಾರಿ ಚಾರ್ಲ್ಸ್ ಬರ್ನಾರ್ಡ್ ಎಂಬಾತ 1844ರಲ್ಲಿ ಬಟ್ಟೆ ಮಗ್ಗವನ್ನೇ ನೋಡಿಕೊಂಡು, ನೂಲಿನ ಜಾಗಕ್ಕೆ ತಂತಿ ಹಾಕಿ ನೇಯುವ ಯಂತ್ರ ಮಾಡಿದ. ಉಣ್ಣೆ ನೇಯುವ ಮಗ್ಗದ ಮೊಮ್ಮಗ ಸಮುದ್ರ ದಾಟಿ ಹೋಗಿ ಉಣ್ಣೆ ಕೊಡುವ ಕುರಿಯನ್ನು ಕಾಯಲು ನಿಂತಿತು! ಈ ಬಲೆ ಸುರುಳಿ ಸುತ್ತಿ ಹಡಗಿಗೆ ಹಾಕಬಹುದು, ಒಂಟೆ ಬೆನ್ನಿಗೂ ಕಟ್ಟಬಹುದು. ಇಲ್ಲದೇ ಹೋಗಿದ್ದರೆ ಮರುಭೂಮಿಯಲ್ಲಿ ಸಾವಿರಾರು ಮೈಲಿ ಬೇಲಿ ಯಾರ ಕನಸಿಗೂ ಬರುತ್ತಿರಲಿಲ್ಲ.

ಆದರೆ ಬಲೆಯ ಬುಡವನ್ನು ಮಣ್ಣಿನೊಳಗೆ ಹೂಳಬೇಕು ಅಂತ ಆಸ್ಟ್ರೇಲಿಯಾದವರಿಗೆ ಊರಗಲ ಪಾಠ ಹೇಳಿಕೊಟ್ಟಿದ್ದು ನಾಯಿಗಿಂತ ಹೆಚ್ಚಾಗಿ ಮೊಲ.

ಮೊಲದ ಕಥೆ ನೀವು ಶಾಲೆಯಲ್ಲೇ ಕೇಳಿರಬಹುದು. ವಿಕ್ಟೋರಿಯಾದ ಬಾರ್ವನ್ ಪಾರ್ಕ್ ಎಸ್ಟೇಟಿನ ಥಾಮಸ್ ಆಸ್ಟಿನ್ ಬೇಟೆಯ ಮೋಜಿಗೆ ಅಂತ ಇಂಗ್ಲೆಂಡಿನಿಂದ ಕಾಡುಮೊಲ ತರಿಸಿದ. 1859ರ ಕ್ರಿಸ್ಮಸ್ ದಿನ ಮೆಲ್ಬರ್ನಿಗೆ ಹಡಗಿನಲ್ಲಿ ಬಂದಿಳಿದದ್ದು 24 ಮೊಲ. ಅದಕ್ಕೂ ಮೊದಲೂ ಮೊಲಗಳು ಬಂದಿದ್ದವು, ಸಾಕುಮೊಲಗಳು, ಅವು ಹೀಗೆ ಖಂಡವೆಲ್ಲ ಹಬ್ಬಿರಲಿಲ್ಲ. ಖಂಡದ ಬಹುಪಾಲು ಮೊಲಗಳು ಆಸ್ಟಿನ್ನನ ಈ ತಂಡದ ಸಂತತಿಯೇ ಅಂತ 2022ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನ ತೋರಿಸಿಕೊಟ್ಟಿತು. 1880ರ ದಶಕದ ಹೊತ್ತಿಗೆ ಅವು ನ್ಯೂ ಸೌತ್ ವೇಲ್ಸ್, ದಕ್ಷಿಣ ಆಸ್ಟ್ರೇಲಿಯಾಗಳ ಹುಲ್ಲುಗಾವಲನ್ನು ಬೋಳಿಸುತ್ತಿದ್ದವು. ಸರ್ಕಾರಗಳು ರಾಜ್ಯಗಳ ಗಡಿಯುದ್ದಕ್ಕೂ ಮೊಲದ ಬೇಲಿ ಹಾಕಿಸಿದವು. ಇವತ್ತಿನ ಡಿಂಗೋ ಬೇಲಿಯ ಹಳೆಯ ತುಂಡುಗಳು ಹುಟ್ಟಿದ್ದು ಹೀಗೆ, ಮೊಲಕ್ಕಾಗಿ.

ಇವುಗಳಲ್ಲೆಲ್ಲ ಹೆಚ್ಚು ದಾಖಲೆ ಉಳಿದಿರುವುದು ಪಶ್ಚಿಮ ಆಸ್ಟ್ರೇಲಿಯಾದ ಬೇಲಿಯದ್ದು. (ಇದು ಡಿಂಗೋ ಬೇಲಿಗೆ ಸೇರಿದ್ದಲ್ಲ, ಬೇರೆಯೇ. ಆದರೆ ಬುಡದ ವಿಚಾರ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.) 1901ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಒಂದನೇ ನಂಬರಿನ ಬೇಲಿ ದಕ್ಷಿಣದ ಸಮುದ್ರದಿಂದ ಉತ್ತರದ ಸಮುದ್ರದ ತನಕ 1,139 ಮೈಲಿ. ಮೂರೂ ಬೇಲಿ ಸೇರಿಸಿದರೆ 2,023 ಮೈಲಿ. ಕಂಬಗಳಿಗೆ ಆಯಾ ಜಾಗದಲ್ಲಿ ಸಿಗುವ ಮರ. ಜಾಲರಿ ನೆಲದ ಮೇಲೆ ಮೂರಡಿ, ನೆಲದೊಳಗೆ ಆರು ಅಂಗುಲ. ಮೇಲೆ ಮುಳ್ಳುತಂತಿ ಬಂದಿದ್ದು ಡಿಂಗೋ, ನರಿಗಳನ್ನು ತಡೆಯಲು. ಆರು ಅಂಗುಲ ಕೇಳಲು ಏನೂ ಅಲ್ಲ, ಒಂದು ಗೇಣಿಗಿಂತಲೂ ಕಮ್ಮಿ. ಆದರೆ 1,139 ಮೈಲಿ ಉದ್ದಕ್ಕೆ, ಸುಣ್ಣಕಲ್ಲಿನಲ್ಲೂ ಗಟ್ಟಿ ಜೇಡಿಯಲ್ಲೂ ಆರು ಅಂಗುಲದ ಕಾಲುವೆಯನ್ನು ಗುದ್ದಲಿಯಲ್ಲಿ ತೆಗೆದು, ಬಲೆ ಇಳಿಸಿ, ಮತ್ತೆ ಮಣ್ಣು ತುಳಿದವರನ್ನು ನೆನೆಸಿಕೊಳ್ಳಿ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಾಡು ಅದು.

ಸಾಮಾನು ಸಾಗಿಸಿದ್ದು ಕುದುರೆ, ಕತ್ತೆ, ಒಂಟೆ. ಇಲ್ಲಿ ನಮ್ಮ ಉಪಖಂಡದ ಒಂದು ಎಳೆ ಬರುತ್ತದೆ. ಆಸ್ಟ್ರೇಲಿಯಾಕ್ಕೆ ಒಂಟೆಗಳು ದೊಡ್ಡ ಸಂಖ್ಯೆಯಲ್ಲಿ ಹೋಗಿದ್ದು ಕರಾಚಿ ಬಂದರಿನಿಂದ. 1866ರಲ್ಲಿ ಥಾಮಸ್ ಎಲ್ಡರ್ ಎಂಬ ದೊಡ್ಡ ಜಮೀನುದಾರ ನೂರಕ್ಕೂ ಹೆಚ್ಚು ಒಂಟೆಗಳನ್ನೂ ಅವನ್ನು ನಡೆಸುವವರನ್ನೂ ಒಂದೇ ಹಡಗಿನಲ್ಲಿ ತರಿಸಿದ. ಆ ಒಂಟೆಯವರಲ್ಲಿ ಬಲೂಚಿಗಳು, ಸಿಂಧಿಗಳು, ಪಂಜಾಬಿಗಳು, ಪಠಾಣರು ಎಲ್ಲ ಇದ್ದರು, ಅಲ್ಲಿಯವರು ಮಾತ್ರ ಎಲ್ಲರಿಗೂ ಸೇರಿಸಿ ಆಫ್ಘನರು ಅಂದುಬಿಟ್ಟರು. ಅಡಿಲೇಡಿನಿಂದ ಡಾರ್ವಿನ್ನಿಗೆ ಹೋಗುವ ರೈಲಿಗೆ 'ದಿ ಘಾನ್' ಅನ್ನುವ ಹೆಸರು ಬಂದಿದ್ದು ಇವರಿಂದ.

ಬೇಲಿ ಮುಗಿದ ಮೇಲೆ ಅದನ್ನು ನೋಡಿಕೊಳ್ಳಲು ಗಡಿ ಸವಾರರನ್ನು ನೇಮಿಸಿದರು, ಒಬ್ಬೊಬ್ಬನಿಗೆ ಸುಮಾರು ನೂರು ಮೈಲಿ. ಇವರ ಕೆಲಸದ ಮುಕ್ಕಾಲು ಪಾಲು ಕೆಳಗೆ ನೋಡುವುದು. ಎಲ್ಲಿ ಗಾಳಿಗೆ ಮಣ್ಣು ಹಾರಿ ಬಲೆಯ ಬುಡ ಬಯಲಾಗಿದೆ, ಎಲ್ಲಿ ಮಳೆ ನೀರು ಕೊರೆದು ತೋಡು ಮಾಡಿದೆ, ಎಲ್ಲಿ ಕೆರೆದ ಗುರುತಿದೆ, ಎಲ್ಲಿ ಒಣಕಸ ಬಂದು ರಾಶಿ ಬಿದ್ದು ಬೇಲಿಗೆ ಮೆಟ್ಟಿಲಾಗಿದೆ. 1910ರಲ್ಲಿ ತಪಾಸಣೆಗೆ ಅಂತ ಒಂದು ಮೋಟಾರು ಕಾರನ್ನೂ ಕೊಂಡರು, ಅದರ ಟೈರು ಸಿಕ್ಕ ಸಿಕ್ಕಲ್ಲಿ ಪಂಚರಾಗಿ ಕಡೆಗೆ ಎರಡು ಒಂಟೆ ಎಳೆಯುವ ಹಗುರ ಗಾಡಿಯೇ ವಾಸಿ ಅನ್ನುವ ತೀರ್ಮಾನಕ್ಕೆ ಬಂದರು.

ಇಷ್ಟು ಮಾಡಿದರೂ ಬೇಲಿ ಗೆಲ್ಲಲಿಲ್ಲ. ಕಟ್ಟುತ್ತಿರುವಾಗಲೇ, 1902ರಲ್ಲಿ, ಬೇಲಿಯ ಆಚೆ ಬದಿಗೆ ಮೊಲ ಸಿಕ್ಕವು! ಅವು ಅಗೆದು ಬಂದವೇ ಅಲ್ಲ, ಬೇಲಿ ಬರುವ ಮೊದಲೇ ದಾಟಿದ್ದವು. ಅದಕ್ಕಾಗಿ ಎರಡನೆಯ ಬೇಲಿ, ಮೂರನೆಯದು ಅಂತ ಹಿಂದೆ ಸರಿಯುತ್ತ ಕಟ್ಟಿದ್ದು. ಮೊಲಕ್ಕೆ ನಿಜವಾದ ಪೆಟ್ಟು ಬಿದ್ದದ್ದು 1950ರಲ್ಲಿ ಮಿಕ್ಸೋಮಾ ವೈರಸ್ ಬಿಟ್ಟ ಮೇಲೆ. ಅಷ್ಟರಲ್ಲಿ 1932ರಲ್ಲಿ ಬರಗಾಲಕ್ಕೆ ಸಾವಿರಾರು ಈಮು ಹಕ್ಕಿಗಳು ಗೋಧಿ ಸೀಮೆಗೆ ನುಗ್ಗಿ ಬೇಲಿಗಳನ್ನು ಹರಿದು, ಆ ತೂತಿನಿಂದ ಮೊಲಗಳು ಒಳಗೆ ಬಂದು, ರೈತರು ಬೊಬ್ಬೆ ಹಾಕಿ, ಸರ್ಕಾರ ಮೆಷಿನ್ ಗನ್ ಕೊಟ್ಟು ಸೈನ್ಯ ಕಳಿಸಿದ್ದು, ಈಮುಗಳು ಗುಂಡಿಗೆ ಸಿಗದೆ ಚದುರಿ ಸೈನ್ಯವನ್ನೇ ಸುಸ್ತು ಮಾಡಿದ್ದು ಒಂದು ದೊಡ್ಡ ತಮಾಷೆ. ಅದನ್ನು ಬರೆಯಲು ಹೊರಟರೆ ಇನ್ನೊಂದು ಲೇಖನ ಆಗುತ್ತದೆ.

ಬರೆಯದೆ ಬಿಡಲಾರದ್ದು ಇನ್ನೊಂದಿದೆ. ಬೇಲಿ ಕೆಲಸದವರ ರೇಷನ್, ಸಾಮಾನು ಇಡಲು 1907ರಲ್ಲಿ ಜಿಗಲಾಂಗ್ ಎಂಬಲ್ಲಿ ಒಂದು ಠಾಣೆ ಮಾಡಿದ್ದರು. ಸುತ್ತಲಿನ ಮೂಲನಿವಾಸಿಗಳು ಅಲ್ಲಿ ಬಂದು ನೆಲೆಸಿದರು. ಬಿಳಿಯ ತಂದೆಗೆ ಹುಟ್ಟಿದ ಮೂಲನಿವಾಸಿ ಮಕ್ಕಳನ್ನು ತಾಯಿಯರಿಂದ ಕಿತ್ತು ಸರ್ಕಾರಿ ಶಿಬಿರಗಳಲ್ಲಿ ಬೆಳೆಸುವುದು ಆಗಿನ ಕಾನೂನು. ಮಾಲಿ ಎಂಬ ಹುಡುಗಿಯ ತಂದೆ ಬೇಲಿಯ ಕೆಲಸಕ್ಕೆ ಬಂದಿದ್ದ ಒಬ್ಬ ಇಂಗ್ಲಿಷಿನವ. 1931ರಲ್ಲಿ ಮಾಲಿ, ಡೇಸಿ, ಗ್ರೇಸಿ ಎಂಬ ಮೂವರು ಹುಡುಗಿಯರನ್ನು ಜಿಗಲಾಂಗಿನಿಂದ ಹಿಡಿದು ಪರ್ತ್ ನಗರದ ಉತ್ತರಕ್ಕಿರುವ ಮೂರ್ ರಿವರ್ ಶಿಬಿರಕ್ಕೆ ಸಾಗಿಸಿದರು. ಅವರು ಅಲ್ಲಿಂದ ತಪ್ಪಿಸಿಕೊಂಡರು. ಮನೆ ಸುಮಾರು 1,600 ಕಿ.ಮೀ. ದೂರ. ದಾರಿ ಹೇಗೆ ಗೊತ್ತು? ಮಾಲಿಗೆ ಒಂದು ಗೊತ್ತಿತ್ತು: ಮೊಲದ ಬೇಲಿ ತನ್ನ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಬೇಲಿ ಸಿಕ್ಕಿದರೆ ಊರು ಸಿಕ್ಕಿದ ಹಾಗೆ. ಸುಮಾರು ಒಂಬತ್ತು ವಾರ ನಡೆದರು, ಪೊಲೀಸರು ಹುಡುಕುತ್ತಲೇ ಇದ್ದರು. ಗ್ರೇಸಿ ದಾರಿಯಲ್ಲಿ ಸಿಕ್ಕಿಬಿದ್ದಳು. ಮಾಲಿ, ಡೇಸಿ ಮನೆ ಮುಟ್ಟಿದರು. ಮಾಲಿಯ ಮಗಳು ಡೋರಿಸ್ ಪಿಲ್ಕಿಂಗ್ಟನ್ 1996ರಲ್ಲಿ ಇದನ್ನು ಪುಸ್ತಕ ಮಾಡಿದಳು, 2002ರಲ್ಲಿ ಅದು ಸಿನಿಮಾ ಆಯಿತು. ಆ ಬೇಲಿಯಿಂದ ಮೊಲ ನಿಲ್ಲಲಿಲ್ಲ. ಎರಡು ಮಕ್ಕಳು ಅಮ್ಮನ ಹತ್ತಿರ ಹೋಗಲು ಮಾತ್ರ ಅದು ದಾರಿ ತೋರಿಸಿತು.

ಈಗ ನಾಯಿಯ ಕಡೆಗೆ ಬರೋಣ. ಪೂರ್ವ ಭಾಗದ ರಾಜ್ಯಗಳಲ್ಲಿ ಮೊಲದ ಬೇಲಿಗಳು ಮೊಲದ ವಿಷಯಕ್ಕೆ ಕೈಕೊಟ್ಟವು. ಆದರೆ ಕಂಬ, ತಂತಿ ಎಲ್ಲ ಅಲ್ಲೇ ನಿಂತಿತ್ತು. ಮೇಲೆ ಇನ್ನಷ್ಟು ಜಾಲರಿ ಏರಿಸಿದರೆ ಡಿಂಗೋ ಬೇಲಿ ಆಗುತ್ತದಲ್ಲ ಅಂತ 1910ರ ದಶಕದಿಂದ ಅವನ್ನೇ ಎತ್ತರಿಸುತ್ತ ಬಂದರು. 1930ರ ಹೊತ್ತಿಗೆ ಕ್ವೀನ್ಸ್‌ಲ್ಯಾಂಡ್ ಒಂದರಲ್ಲೇ ಸುಮಾರು 32,000 ಕಿ.ಮೀ. ನಾಯಿ ಬಲೆ ಇತ್ತೆಂಬ ಅಂದಾಜಿದೆ. ಅದೆಲ್ಲ ಒಬ್ಬೊಬ್ಬ ಜಮೀನುದಾರನ ಖಾಸಗಿ ಬೇಲಿ. ಒಬ್ಬ ಚೆನ್ನಾಗಿಟ್ಟರೆ ಪಕ್ಕದವ ಬಿಟ್ಟುಬಿಡುತ್ತಿದ್ದ. ನಾಯಿಗೆ ಬೇಕಾಗಿರುವುದು ಒಂದೇ ತೂತು. ಪಕ್ಕದ ಮನೆಯವನ ಸೋಮಾರಿತನ ನಿಮ್ಮ ಕುರಿಗೆ ಮುಳುವಾಗುವ ಲೆಕ್ಕ ಇದು. 1946ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ನಾಯಿ ಬೇಲಿಗೆಂದೇ ಕಾಯಿದೆ ತಂದು, ಮಂಡಳಿ ರಚಿಸಿ, ಚೂರುಚೂರಾಗಿದ್ದ ಖಾಸಗಿ ಬೇಲಿಗಳನ್ನು ಒಂದೇ ಸಾಲಿಗೆ ಜೋಡಿಸಿತು. ಬೇಲಿಯೊಳಗಿನ ಜಮೀನಿನವರು ಕಂದಾಯ ಕೊಡಬೇಕು, ಅವರು ಕೊಟ್ಟಷ್ಟೇ ಸರ್ಕಾರವೂ ಸೇರಿಸುತ್ತದೆ. ಉಳಿದ ಎರಡು ರಾಜ್ಯಗಳ ಬೇಲಿಯೂ ಇದಕ್ಕೆ ಕೂಡಿಕೊಂಡು ಇವತ್ತಿನ ಉದ್ದನೆಯ ಸಾಲು ಆಯಿತು. 1980ರ ತನಕ ಇದು 8,614 ಕಿ.ಮೀ. ಇತ್ತು, ನೋಡಿಕೊಳ್ಳಲಾಗದೆ ಮೂರು ಸಾವಿರ ಕಿ.ಮೀ. ಕೈಬಿಟ್ಟರು.

ಬೇಲಿ ಎಲ್ಲ ಕಡೆ ಒಂದೇ ತರಹ ಇಲ್ಲ. ಸಾಮಾನ್ಯವಾಗಿ ಆರಡಿ ಎತ್ತರ, ನೆಲದೊಳಗೆ ಒಂದಡಿ. ಎರಡೂ ಬದಿಗೆ ಗಿಡಗಂಟಿ ಸವರಿ ಬಯಲು ಮಾಡಿರುತ್ತಾರೆ. ಈ ಒಂದಡಿಯ ವಿಚಾರದಲ್ಲಿ ಎರಡು ಪದ್ಧತಿ ಇದೆ. ಒಂದು, ಬಲೆಯನ್ನು ನೆಟ್ಟಗೆ ಕೆಳಕ್ಕೆ ಹೂಳುವುದು. ಇನ್ನೊಂದು ಹೆಚ್ಚು ಜಾಣತನದ್ದು: ನೆಲಮಟ್ಟದಲ್ಲಿ ಬಲೆಯನ್ನು ಎಲ್ ಅಕ್ಷರದಂತೆ ನಾಯಿ ಬರುವ ಕಡೆಗೆ ಮಡಚಿ, ಒಂದೆರಡು ಅಡಿ ಅಗಲ ನೆಲದ ಮೇಲೆ ಹಾಸಿ, ಮೇಲೆ ಮಣ್ಣೋ ಕಲ್ಲೋ ಎಳೆದು ಬಿಡುವುದು. ಇದಕ್ಕೆ ಬೇಲಿಯ ಏಪ್ರನ್ ಅನ್ನುತ್ತಾರೆ. ಕೆಲವು ತಿಂಗಳಲ್ಲಿ ಹುಲ್ಲು ಆ ಕಣ್ಣುಗಳ ಮೂಲಕ ಮೇಲೆ ಬಂದು ಬೇರು ಬಲೆಯನ್ನು ನೆಲಕ್ಕೆ ಹೊಲಿದುಬಿಡುತ್ತದೆ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ನಾಯಿ ಅಗೆಯುವುದು ಬೇಲಿಗೆ ಮೂತಿ ತಾಗುವ ಜಾಗದಲ್ಲೇ. ಅದಕ್ಕೆ ಕಾಣುವುದು ಅಡ್ಡ ನಿಂತ ಬೇಲಿ ಮತ್ತು ಅದರ ಬುಡ. ಅಲ್ಲಿ ಕೆರೆದರೆ ಉಗುರಿಗೆ ತಂತಿ ಸಿಗುತ್ತದೆ. ಎರಡಡಿ ಹಿಂದೆ ಸರಿದು, ಬಲೆ ಮುಗಿಯುವ ಅಂಚಿನಿಂದ ಸುರಂಗ ತೆಗೆಯಬೇಕು ಅಂತ ಸಾಮಾನ್ಯವಾಗಿ ಅದಕ್ಕೆ ಹೊಳೆಯುವುದಿಲ್ಲ, ತಾನೇ ಆ ಬಲೆಯ ಮೇಲೆ ನಿಂತುಕೊಂಡು ಪಕ್ಕದಲ್ಲಿ ಇನ್ನೊಂದು ಕಡೆ ಕೆರೆಯುತ್ತದೆ. ನೆಟ್ಟಗೆ ಹೂತ ಬಲೆಗಾದರೆ ಆಳಕ್ಕೆ ಅಗೆದಷ್ಟೂ ನಾಯಿಗೆ ಲಾಭ. ಹಾಸಿದ ಬಲೆಗೆ ಕಾಲುವೆಯೂ ಬೇಡ, ಬಂಡೆ ನೆಲದಲ್ಲೂ ನಡೆಯುತ್ತದೆ. ಮನೆಯ ಬೇಲಿಗೂ ಇದೇ ಉಪಾಯ. ಕೋಳಿ ಮೆಶ್ ಎರಡಡಿ ಅಗಲ ಸಾಕು, ಬೇಲಿಯ ಬುಡಕ್ಕೆ ತಂತಿಯಲ್ಲಿ ಕಟ್ಟಿ ಹಾಸಿ, ಮೇಲೆ ಮಣ್ಣು ಎಳೆದು ಹುಲ್ಲು ಬೆಳೆಯಲು ಬಿಡಿ. ಮೆಶ್ಶಿನ ತುದಿಯ ತಂತಿ ಚೂರುಗಳನ್ನು ಒಳಕ್ಕೆ ಮಡಚಿ, ಇಲ್ಲದಿದ್ದರೆ ಪಾಪದ್ದಕ್ಕೆ ಪಂಜ ಸೀಳುತ್ತದೆ. ನಿಮ್ಮ ನಾಯಿ ಹೊರಗೆ ಹೋಗದಿರಲಿ ಅಂತಾದರೆ ಮಡಚುವುದು ಒಳಕ್ಕೆ, ಬೀದಿ ನಾಯಿ ಬರದಿರಲಿ ಅಂತಾದರೆ ಹೊರಕ್ಕೆ.

ಡಿಂಗೋ ಬೇಲಿಯನ್ನು ಕಾಯುವ ಕೆಲಸ ಇವತ್ತಿಗೂ ಮನುಷ್ಯರದ್ದೇ. ಕ್ವೀನ್ಸ್‌ಲ್ಯಾಂಡಿನ ಭಾಗದಲ್ಲಿ ಇಬ್ಬಿಬ್ಬರ ತಂಡಗಳು ತಲಾ ಸುಮಾರು 300 ಕಿ.ಮೀ. ಬೇಲಿಯನ್ನು ವಾರಕ್ಕೊಮ್ಮೆ ನೋಡಿಕೊಂಡು ಬರುತ್ತವೆ. ಒಂಟೆ ಗಾಡಿ ಹೋಗಿ ಜೀಪು ಬಂದಿದೆ ಅಷ್ಟೇ. ಮರಳು ಹಾರಿ ಬಂದು ಬೇಲಿಯನ್ನೇ ಹೂಳುತ್ತದೆ. ಹೂತ ಬೇಲಿಯ ತಲೆಯ ಮೇಲೆ ಮತ್ತೊಂದು ಬೇಲಿ ಕಟ್ಟಿದ ಜಾಗಗಳಿವೆ. ಪ್ರವಾಹ ಬಂದರೆ ಮೈಲಿಗಟ್ಟಲೆ ಕೊಚ್ಚಿಹೋಗುತ್ತದೆ. ಕಾಂಗರೂ, ಈಮು, ಕಾಡುಹಂದಿ ಬಂದು ಗುದ್ದುತ್ತವೆ. ಎಲ್ಲಕ್ಕಿಂತ ಭಾರಿ ಗುದ್ದು ಒಂಟೆಗಳದ್ದು. 1920, 30ರ ದಶಕಗಳಲ್ಲಿ ಲಾರಿಗಳು ಬಂದಾಗ ಕೆಲಸ ಕಳೆದುಕೊಂಡ ಒಂಟೆಗಳನ್ನು ಮರುಭೂಮಿಗೆ ಬಿಟ್ಟುಬಿಟ್ಟಿದ್ದರು. ಬೇಲಿ ಕಟ್ಟಲು ಬಲೆ ಹೊತ್ತ ಪ್ರಾಣಿಗಳ ಸಂತತಿ ಈಗ ಕಾಡುಬಿದ್ದು ಬೇಲಿಯನ್ನು ಮುರಿಯುತ್ತಿದೆ. ದಕ್ಷಿಣ ಆಸ್ಟ್ರೇಲಿಯಾದ 2,150 ಕಿ.ಮೀ. ಭಾಗದಲ್ಲಿ ಬಹಳಷ್ಟು ನೂರು ವರ್ಷ ಹಳೆಯದಾಗಿದ್ದರಿಂದ ಸುಮಾರು 1,600 ಕಿ.ಮೀ.ಯನ್ನು ಹೊಸದಾಗಿ ಕಟ್ಟಲು 2 ಕೋಟಿ 50 ಲಕ್ಷ ಆಸ್ಟ್ರೇಲಿಯನ್ ಡಾಲರಿನ ಯೋಜನೆ ಹಾಕಿಕೊಂಡರು.

ಸರಿ, ಮೊಲದ ಬೇಲಿ ಸೋತಿತು, ನಾಯಿ ಬೇಲಿ? ಅದು ಬಹುಮಟ್ಟಿಗೆ ಗೆದ್ದಿದೆ. ಒಳಗೆ ಡಿಂಗೋ ವಿರಳ, ಕುರಿ ಸಾಕಣೆ ನಡೆಯುತ್ತಿದೆ. ನನಗೆ ಕುತೂಹಲ ಹುಟ್ಟಿದ್ದು ಆ ಗೆಲುವಿನ ಬಗ್ಗೆಯೇ. ಗ್ರೇಮ್ ಕಾಘ್ಲಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು ವಿಮಾನದಿಂದ ಎಣಿಸಿ 1980ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ನ್ಯೂ ಸೌತ್ ವೇಲ್ಸಿನ ವಾಯವ್ಯ ಮೂಲೆಯಲ್ಲಿ, ಬೇಲಿಯ ಒಳಗೆ ಕೆಂಪು ಕಾಂಗರೂ ಸಾಂದ್ರತೆ ಹೊರಗಿನದ್ದಕ್ಕಿಂತ ನೂರು ಪಟ್ಟಿಗೂ ಹೆಚ್ಚು, ಈಮುಗಳದ್ದು ಇಪ್ಪತ್ತು ಪಟ್ಟಿಗೂ ಹೆಚ್ಚು. ನಾಯಿ ಹೋಯಿತು, ನಾಯಿ ತಿನ್ನುತ್ತಿದ್ದ ಕಾಂಗರೂ ಹೆಚ್ಚಿತು. ಯಾವ ಹುಲ್ಲು ಕುರಿಗೆ ಅಂತ ಉಳಿಸಲು ಹೊರಟರೋ ಆ ಹುಲ್ಲನ್ನು ಕಾಂಗರೂ ಮೇಯುತ್ತಿದೆ. 2021ರಲ್ಲಿ ಉಪಗ್ರಹ ಚಿತ್ರಗಳನ್ನು ಹೋಲಿಸಿದವರು ಮಳೆ ಬಂದ ಮೇಲೆ ಬೇಲಿಯ ಒಳಗಡೆ ಹಸಿರು ಹೊರಗಡೆಯಷ್ಟು ಚೆನ್ನಾಗಿ ಚಿಗುರುವುದಿಲ್ಲ ಎಂಬುದನ್ನು ಕಂಡರು.

ಇನ್ನೂ ವಿಚಿತ್ರ 2018ರ ಅಧ್ಯಯನ. ಬೇಲಿಯ ಎರಡೂ ಬದಿಯ ಮರಳು ದಿಬ್ಬಗಳ ಆಕಾರವೇ ಬೇರೆ! ಡಿಂಗೋ ಇಲ್ಲದ ಕಡೆ ನರಿ, ಕಾಡುಬೆಕ್ಕು ಜಾಸ್ತಿ. ಅವು ಬೀಜ ತಿನ್ನುವ ಸಣ್ಣ ಇಲಿಗಳನ್ನು ಖಾಲಿ ಮಾಡುತ್ತವೆ. ಬೀಜಗಳು ಉಳಿದು ಕುರುಚಲು ಪೊದೆ ಹೆಚ್ಚುತ್ತದೆ. ಪೊದೆಗೆ ಗಾಳಿ ತಡೆದು ಮರಳು ನಿಲ್ಲುತ್ತದೆ, ದಿಬ್ಬ ಅರ್ಧ ಮೀಟರಿಗೂ ಹೆಚ್ಚು ಎತ್ತರವಾಗುತ್ತದೆ. ಇದು ಓದಿದ ದಿನ ನಾನು ಮನೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ನಾಯಿ ತಡೆದರೆ ಮರಳು ಏರುತ್ತದೆ ಅಂದರೆ ಯಾರು ನಂಬುತ್ತಾರೆ!

ಇದಕ್ಕಾಗಿ ಬೇಲಿ ಕಿತ್ತುಹಾಕಿ ಅನ್ನುವವರು ಅಲ್ಲಿ ಇದ್ದಾರೆ. ಪಶ್ಚಿಮ ಆಸ್ಟ್ರೇಲಿಯಾದ ವೂಲೀನ್ ಎಂಬ ದನಗಳ ಎಸ್ಟೇಟು ಡಿಂಗೋಗಳನ್ನು ಕೊಲ್ಲುವುದನ್ನೇ ನಿಲ್ಲಿಸಿ, ಕಾಂಗರೂ, ಕಾಡುಮೇಕೆ ಹತೋಟಿಗೆ ಅವು ಇರಲಿ ಅನ್ನುತ್ತದೆ. ದನಕ್ಕೆ ಅದು ಸರಿ, ದನ ತಿರುಗಿ ನಿಲ್ಲಬಲ್ಲದು. ಕುರಿಯವರಿಗೆ ಈ ಮಾತು ಹೇಳುವುದು ಸುಲಭವಲ್ಲ. ರಾತ್ರಿ ಬೆಳಗಾಗುವುದರೊಳಗೆ ಮಂದೆ ಕಳೆದುಕೊಂಡವನ ಮುಂದೆ ಉಪಗ್ರಹ ಚಿತ್ರ ಇಟ್ಟರೆ ಏನು ಬಂತು? ಕಾನೂನು, ಕಂದಾಯಗಳು ಬಹಳ ಕಡೆ ಡಿಂಗೋ ಅನ್ನದೆ 'ಕಾಡು ನಾಯಿ' ಅನ್ನುತ್ತವೆ. ಅವು ಊರ ನಾಯಿಗಳ ಜೊತೆ ಬೆರೆತು ಕುಲಗೆಟ್ಟವು ಎಂಬುದು ಬಹುಕಾಲದ ನಂಬಿಕೆ. 2023ರಲ್ಲಿ ಬಂದ ಡಿಎನ್ಎ ಅಧ್ಯಯನ ಆ ಕಾಡು ನಾಯಿಗಳಲ್ಲಿ ಹೆಚ್ಚಿನವು ಅಪ್ಪಟ ಡಿಂಗೋ ಅಥವಾ ಬಹುಪಾಲು ಡಿಂಗೋ ಎಂದು ತೋರಿಸಿತು. ಆದರೂ ಬೇಲಿಯನ್ನು ಹೊಸದಾಗಿ ಕಟ್ಟುವ ಹಣ ಬಂತು. ವೋಟು, ಉಣ್ಣೆ ಎರಡೂ ಬೇಲಿಯೊಳಗೇ ಇವೆಯಲ್ಲ.

ಕಡೆಯದಾಗಿ ವೊಂಬ್ಯಾಟ್. ಬೇಲಿಯ ಪಶ್ಚಿಮದ ತುದಿಯ ಸೀಮೆಯಲ್ಲಿ ಬಿಲ ತೋಡಿಕೊಂಡು ಬದುಕುವ, ಗುಂಡಗೆ ಕೊಬ್ಬಿದ ಹಂದಿಮರಿಯಂಥ ಪ್ರಾಣಿ ಇದು. ಹುಲ್ಲು ತಿನ್ನುತ್ತದೆ, ಕುರಿಯ ತಂಟೆಗೆ ಹೋಗುವುದಿಲ್ಲ. ಬೇಲಿ ಯಾಕೆ ಬಂತು, ಎಲ್ಲಿ ಬಂತು ಅನ್ನುವುದರ ಗೊಡವೆಯೂ ಅದಕ್ಕಿಲ್ಲ. ತಾನು ದಿನಾ ಓಡಾಡುವ ದಾರಿಯಲ್ಲಿ ಬೇಲಿ ಅಡ್ಡ ಬಂದರೆ ಕೆಳಗಿನಿಂದ ಅಗೆದು ಆಚೆ ಹೋಗುತ್ತದೆ. ಮುಚ್ಚಿದರೆ ನಾಳೆ ಮತ್ತೆ ಅಲ್ಲೇ ಅಗೆಯುತ್ತದೆ. ಆ ಬಿಲದಲ್ಲಿ ಡಿಂಗೋ ಆರಾಮಾಗಿ ನುಸುಳುತ್ತದೆ. ಕಡೆಗೆ ಇದಕ್ಕೆ ಕಂಡುಕೊಂಡ ಉಪಾಯ, ವೊಂಬ್ಯಾಟ್ ಅಗೆಯುವ ಜಾಗದಲ್ಲೇ ಬೇಲಿಯ ಬುಡಕ್ಕೆ ಒಂದು ಸಣ್ಣ ಭಾರದ ತೂಗುಬಾಗಿಲು ನೇತುಹಾಕುವುದು. ವೊಂಬ್ಯಾಟ್ ತಲೆಯಿಂದ ಗುದ್ದಿ ತಳ್ಳಿಕೊಂಡು ಹೋಗುತ್ತದೆ, ಬಾಗಿಲು ಹಿಂದೆಯೇ ಮುಚ್ಚಿಕೊಳ್ಳುತ್ತದೆ. ಡಿಂಗೋ ಬಂದು ಮೂಸಿ, ಅಲುಗಾಡುವ ಬಾಗಿಲಿಗೆ ಅನುಮಾನಪಟ್ಟು, ಬೇರೆ ಕಡೆ ಸಡಿಲ ಮಣ್ಣು ಹುಡುಕಿಕೊಂಡು ಮುಂದೆ ಹೋಗುತ್ತದೆ.